ಗಂಡು ನಾಯಿಯ ಮನೆಯವರನ್ನೂ ಕೇಳಿ

ಬೇಡವಾದ ಮರಿಗಳಿಗೆ ಮನೆ ಹುಡುಕಿಕೊಡುವ ಕೆಲಸಕ್ಕೆ ಇಳಿದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: ಇಷ್ಟೊಂದು ನಾಯಿ ಬೆಕ್ಕುಗಳು ದಿಕ್ಕಿಲ್ಲದೆ ಅಲೆಯುತ್ತಿವೆಯಲ್ಲ, ಹೊಣೆ ಯಾರು? ಮಾರುವ ಬ್ರೀಡರುಗಳೋ, ಸಾಕಿ ಬೀದಿಗೆ ಬಿಡುವವರೋ, ಸರ್ಕಾರವೋ? ಕೇಳುವವರು ಒಬ್ಬ ಅಪರಾಧಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳುತ್ತಾರೆ. ಆ ಅಪರಾಧಿ ಅವರಾಗಿರುವುದು ಅಪರೂಪ.

‘ಎಲ್ಲರೂ ಹೊಣೆ’ ಎಂದು ಹೇಳಿ ಜಾರಿಕೊಳ್ಳಬಹುದು, ಕೇಳಿದವರಿಗೂ ಸಮಾಧಾನವಾಗುತ್ತದೆ. ನಾನು ಹಾಗೆ ಹೇಳುವುದಿಲ್ಲ. ಮೊದಲ ಹೊಣೆ, ಸಾಕಿದ ಪ್ರಾಣಿಗೆ ಸಂತಾನಹರಣದ ಆಪರೇಷನ್ ಮಾಡಿಸುವ ಅನುಕೂಲವಿದ್ದೂ ಮಾಡಿಸದೆ, ಅದನ್ನು ಅದರ ಪಾಡಿಗೆ ತಿರುಗಲು ಬಿಟ್ಟವರದು. ಮರಿಗಳನ್ನು ಬೀದಿಗೆ ಬಿಟ್ಟವರು ಎರಡನೆಯವರು. ಬಿಡಬೇಕಾದರೆ ಮೊದಲು ಅವು ಹುಟ್ಟಬೇಕಲ್ಲ.

ಬೆಕ್ಕಿನ ವಿಷಯದಲ್ಲಿ ಇದು ಎಷ್ಟು ಬೇಗ ಕೈಮೀರುತ್ತದೆ ಎಂಬುದು ಸಾಕಿದವರಲ್ಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಾಲ್ಕೈದು ತಿಂಗಳ ಹೆಣ್ಣು ಬೆಕ್ಕು ನಮ್ಮ ಕಣ್ಣಿಗೆ ಇನ್ನೂ ಮರಿ. ಅಷ್ಟರಲ್ಲೇ ಅದು ಬೆದೆಗೆ ಬಂದು ಗಬ್ಬವಾಗಬಲ್ಲದು. ಜೊತೆಗೆ ಹುಟ್ಟಿದ ಗಂಡುಮರಿಯೇ ಸಾಕು, ಒಡಹುಟ್ಟು ಎಂಬ ಲೆಕ್ಕ ಅವಕ್ಕಿಲ್ಲ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದರಿಂದ ಗಬ್ಬ ತಪ್ಪುವುದು ಕಡಿಮೆ. ಸುಮಾರು 65 ದಿನಕ್ಕೆ ನಾಲ್ಕೈದು ಮರಿ. ಅವು ಹಾಲು ಬಿಡುವ ಮೊದಲೇ ತಾಯಿ ಮತ್ತೆ ಬೆದೆಗೆ ಬರಬಹುದು. ‘ಆರು ತಿಂಗಳು ತುಂಬಲಿ, ಆಮೇಲೆ ನೋಡೋಣ’ ಎಂದು ಕಳಿಸುವ ವೈದ್ಯರ ಪಾಲೂ ಇಲ್ಲಿದೆ. ಬೆಕ್ಕುಗಳಿಗೆ ಐದು ತಿಂಗಳೊಳಗೆ ಆಪರೇಷನ್ ಆಗಲಿ ಎಂಬ ಶಿಫಾರಸಿಗೆ ಅಮೆರಿಕದ ಪಶುವೈದ್ಯಕೀಯ ಸಂಘ 2017ರಲ್ಲೇ ಒಪ್ಪಿಗೆ ಕೊಟ್ಟಿದೆ.

ಒಂದು ಬೆಕ್ಕು ಮತ್ತು ಅದರ ಸಂತತಿಯಿಂದ ಏಳು ವರ್ಷದಲ್ಲಿ 4,20,000 ಬೆಕ್ಕುಗಳು ಎನ್ನುವ ಪೋಸ್ಟರನ್ನು ನೀವು ನೋಡಿರಬಹುದು. ನಾನದನ್ನು ಯಾರಿಗೂ ಕಳಿಸುವುದಿಲ್ಲ. ಹುಟ್ಟಿದ್ದೆಲ್ಲ ಬದುಕಿ ಮರಿ ಹಾಕುತ್ತಾ ಹೋದರೆ ಬರುವ ಲೆಕ್ಕ ಅದು. ನಿಜ ಇದಕ್ಕಿಂತ ಕೆಟ್ಟದಾಗಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊರಗೆ ಅಲೆಯುವ ಬೆಕ್ಕುಗಳ 169 ಮರಿಗಳ ಪೈಕಿ 127 ಮರಿಗಳು ಆರು ತಿಂಗಳಾಗುವ ಮುಂಚೆಯೇ ಸತ್ತವು ಇಲ್ಲವೇ ಕಾಣೆಯಾದವು. ‘ಪ್ರಕೃತಿ ನೋಡಿಕೊಳ್ಳುತ್ತೆ ಬಿಡಿ’ ಅನ್ನುವವರು ಈ ಸಂಖ್ಯೆಯನ್ನು ಒಮ್ಮೆ ಓದಿಕೊಳ್ಳಲಿ. ಪ್ರಕೃತಿ ನೋಡಿಕೊಳ್ಳುವ ರೀತಿ ಇದು.

ಇನ್ನು ಗಂಡಿನ ವಿಚಾರ. ಮರಿಗಳಾದ ಮನೆಗೆ ಎಲ್ಲರೂ ಬುದ್ಧಿ ಹೇಳುತ್ತಾರೆ, ಗಂಡಿನ ಮನೆಯವರನ್ನು ಕೇಳುವವರೇ ಇಲ್ಲ. ‘ನಮ್ಮದು ಗಂಡು, ನಮಗೇನು ತೊಂದರೆ?’ ಎಂದು ಅವರು ನಗುತ್ತಾರೆ. ತೊಂದರೆ ಅವರಿಗಿಲ್ಲ ನಿಜ. ಬೆದೆಯ ವಾಸನೆ ಹಿಡಿದು ಗೇಟು ಹಾರಿ ಹೋದ ನಾಯಿ ಊಟದ ಹೊತ್ತಿಗೆ ಮನೆಗೆ ಬಂದಿರುತ್ತದೆ. ಸಂಖ್ಯೆ ತಗ್ಗಿಸುವುದೊಂದೇ ಗುರಿಯಾದರೆ ಹೆಣ್ಣಿಗೆ ಮಾಡಿಸುವ ಆಪರೇಷನ್ನೇ ಹೆಚ್ಚು ಫಲ ಕೊಡುತ್ತದೆ, ಒಪ್ಪುತ್ತೇನೆ. ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಮಾಡಿಸಿದರೂ ಉಳಿದ ಒಂದೇ ಎಲ್ಲ ಕೆಲಸ ಮುಗಿಸುತ್ತದೆ. ಆದರೆ ಆ ಉಳಿದ ಒಂದು ಯಾರ ಮನೆಯದು ಎಂದು ಕೇಳಲೇಬೇಕಲ್ಲ. (ಆಪರೇಷನ್ ಆದ ಗಂಡು ಕೂಡ ಆಮೇಲಿನ ಕೆಲವು ವಾರ ಮರಿ ಹುಟ್ಟಿಸಬಲ್ಲದು. ಮಾರನೇ ದಿನವೇ ಬಿಟ್ಟುಬಿಡಬೇಡಿ.)

‘ಪಾಪ, ಒಂದು ಸಲವಾದರೂ ತಾಯಿಯಾಗಲಿ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಒಮ್ಮೆ ಮರಿ ಹಾಕುವುದರಿಂದ ನಾಯಿ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಆಪರೇಷನ್ ಆದ ಹೆಣ್ಣಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಂತಕ ಕಾಯಿಲೆಯ ಭಯವೂ ಬಹುಮಟ್ಟಿಗೆ ತಪ್ಪುತ್ತದೆ. ದೊಡ್ಡ ತಳಿಯ ನಾಯಿಗಳಿಗೆ ಯಾವ ವಯಸ್ಸು ಸರಿ ಎಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ, ಅಲ್ಲಿ ಅವಸರ ಬೇಡ.

ಬ್ರೀಡರುಗಳನ್ನು ನಾನು ಸುಮ್ಮನೆ ಬಿಟ್ಟಿಲ್ಲ. ತಾಯಿಯನ್ನು ತೋರಿಸದೆ, ಎಂಟು ವಾರ ತುಂಬದ ಮರಿಯನ್ನು ಕೈಗಿಟ್ಟು ಕಳಿಸುವವರು ವ್ಯಾಪಾರಿಗಳು, ಅಷ್ಟೇ. ಇಂಗ್ಲೆಂಡ್ 2020ರಲ್ಲಿ ಆರು ತಿಂಗಳೊಳಗಿನ ನಾಯಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ಮಾರುವುದನ್ನು ನಿಷೇಧಿಸಿತು. ಫ್ರಾನ್ಸಿನಲ್ಲಿ 2024ರಿಂದ ಪೆಟ್ ಶಾಪುಗಳು ನಾಯಿ ಬೆಕ್ಕು ಮಾರುವಂತಿಲ್ಲ. ಒಳ್ಳೆಯ ಕಾನೂನುಗಳೇ. ಆದರೆ ಪಕ್ಕದ ಮನೆಯ ಮೆಟ್ಟಿಲ ಕೆಳಗೆ ಹುಟ್ಟಿ, ಪುಕ್ಕಟೆಯಾಗಿ ಕೈಬದಲಾಗುವ ಮರಿಗೆ ಅವು ಅನ್ವಯವಾಗುವುದಿಲ್ಲ.

ಸರ್ಕಾರದ ಹೊಣೆ ಎಲ್ಲಿ ಶುರುವಾಗುತ್ತದೆ? ಆಪರೇಷನ್ನಿಗೆ ದುಡ್ಡಿಲ್ಲದವರ, ಹತ್ತಿರದಲ್ಲಿ ಪಶುವೈದ್ಯರೇ ಇಲ್ಲದವರ ಮನೆ ಬಾಗಿಲಲ್ಲಿ. ಅಂಥವರಿಗೆ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ದುಬಾರಿ ತಳಿಯ ಮರಿ ಕೊಂಡು, ಆಪರೇಷನ್ ಎಂದಾಗ ಮಾತ್ರ ಖರ್ಚಿನ ಮಾತೆತ್ತುವವರಿಗೆ ಧಾರಾಳವಾಗಿ ಬರುತ್ತದೆ.

ಈಗ ಯಾರಾದರೂ ಮರಿಗಳಿಗೆ ಮನೆ ಹುಡುಕಿಕೊಡಿ ಎಂದು ಫೋನ್ ಮಾಡಿದರೆ ಮೊದಲು ತಾಯಿಯ ಆಪರೇಷನ್ ಯಾವಾಗ ಎಂದು ಕೇಳುತ್ತೇನೆ. ದಿನ ಗೊತ್ತಾದ ಮೇಲೆಯೇ ಮರಿಗಳ ಫೋಟೋ ಹಂಚುವುದು. ಕೇಳಿದ ಕೂಡಲೇ ಫೋನ್ ಇಟ್ಟವರಿದ್ದಾರೆ. ‘ಮರಿಗಳು ಏನು ತಪ್ಪು ಮಾಡಿದ್ದವು?’ ಎಂದು ಇದೇ ಕೆಲಸ ಮಾಡುವ ಗೆಳತಿಯೊಬ್ಬಳು ನನ್ನ ಜೊತೆ ಜಗಳ ಆಡುತ್ತಾಳೆ. ಅವಳಿಗೆ ಕೊಡಲು ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಷರತ್ತನ್ನಂತೂ ಬಿಟ್ಟಿಲ್ಲ.