ಒಂಬತ್ತು ಸೆಕೆಂಡಿನಲ್ಲಿ ಮೂರು ಹೊಡೆದಾಟ

2025ರ ಫೆಬ್ರವರಿ 15, ಶನಿವಾರ ರಾತ್ರಿ. ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಕೆನಡಾ ಮತ್ತು ಅಮೆರಿಕದ ಐಸ್ ಹಾಕಿ ಪಂದ್ಯ. ನಾವು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ, ಪಕ್ಕದ ಮನೆಯ ಟಿವಿ ಮುಂದೆ ಕೂತಿದ್ದೆವು. ಉತ್ತರ ಅಮೆರಿಕದ ವೃತ್ತಿಪರ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಆಟಗಾರರು ತಮ್ಮ ತಮ್ಮ ದೇಶದ ಪರ ಆಡುವ '4 ನೇಷನ್ಸ್ ಫೇಸ್-ಆಫ್' ಟೂರ್ನಿ ಅದು. ಆ ದಿನಗಳಲ್ಲಿ ಇಲ್ಲಿ ಎಲ್ಲಿ ನೋಡಿದರೂ ಕೆನಡಾದ ಸರಕಿನ ಮೇಲೆ ಅಮೆರಿಕ ಹಾಕುತ್ತೇನೆ ಅಂದ ಸುಂಕದ್ದೇ ಮಾತು. ಕೆನಡಾ ಅಮೆರಿಕದ 51ನೇ ರಾಜ್ಯ ಆಗಲಿ ಅಂತ ಟ್ರಂಪ್ ಪದೇ ಪದೇ ಹೇಳುತ್ತಿದ್ದದ್ದು ಎಲ್ಲರನ್ನೂ ಕೆರಳಿಸಿತ್ತು. ಅಮೆರಿಕದ ರಾಷ್ಟ್ರಗೀತೆ ಶುರುವಾದ ಕೂಡಲೇ ಕ್ರೀಡಾಂಗಣದ ತುಂಬಾ ಬೊಬ್ಬೆ ಎದ್ದಿತು.

ರೆಫರಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹಾಕಿದರು. ಎರಡೇ ಸೆಕೆಂಡು. ಅಮೆರಿಕದ ಮ್ಯಾಥ್ಯೂ ಕಚಕ್, ಕೆನಡಾದ ಬ್ರ್ಯಾಂಡನ್ ಹೇಗಲ್ ಇಬ್ಬರೂ ಗ್ಲೌಸ್ ಕಿತ್ತೆಸೆದು ಕೈ ಕೈ ಮಿಲಾಯಿಸಿದರು. ಅವರನ್ನು ಬಿಡಿಸಿ ಮತ್ತೆ ಪಕ್ ಹಾಕಿದರೆ, ಒಂದು ಸೆಕೆಂಡೂ ಆಗಿಲ್ಲ, ಮ್ಯಾಥ್ಯೂನ ತಮ್ಮ ಬ್ರೇಡಿ ಕಚಕ್ ಮತ್ತು ಸ್ಯಾಮ್ ಬೆನೆಟ್. ಅದು ಮುಗಿಯಿತು ಅನ್ನುವಷ್ಟರಲ್ಲಿ ಜೆ.ಟಿ. ಮಿಲ್ಲರ್ ಮತ್ತು ಕೋಲ್ಟನ್ ಪರೇಕೊ. ಗಡಿಯಾರದಲ್ಲಿ ಕಳೆದಿದ್ದು ಒಂಬತ್ತು ಸೆಕೆಂಡು, ಶಿಕ್ಷೆಗೆ ಕೂರಿಸುವ ಪೆನಾಲ್ಟಿ ಬಾಕ್ಸ್‌ಗಳಲ್ಲಿ ಆರು ಜನ.

ಮನೆಯಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ಮಕ್ಕಳು ಸೋಫಾ ಮೇಲೆ ಕುಣಿಯುತ್ತಿದ್ದರು. ನನ್ನ ಮಗನಿಗೆ ಹನ್ನೊಂದು ವರ್ಷ, ಇಲ್ಲಿನ ಬಡಾವಣೆ ಲೀಗ್‌ನಲ್ಲಿ ಡಿಫೆನ್ಸ್ ಆಡುತ್ತಾನೆ. ಅವನೊಬ್ಬ ಮಾತ್ರ ಟಿವಿ ನೋಡುತ್ತಲೇ ಕೇಳಿದ: "ಅವರನ್ನ ಆಟದಿಂದ ಹೊರಗೆ ಕಳಿಸಲ್ವಾ?"

ಅವನ ಲೀಗ್‌ನಲ್ಲಿ ಜಗಳವಾಡಿದರೆ ಆ ಪಂದ್ಯದಿಂದ ಹೊರಗೆ, ಮೇಲೆ ಅಮಾನತು. ಒಲಿಂಪಿಕ್ಸ್‌ನಲ್ಲೂ ಹೊರಗೆ ಕಳಿಸುತ್ತಾರೆ. ಎನ್‌ಎಚ್‌ಎಲ್‌ನಲ್ಲಿ ಮಾತ್ರ ಐದು ನಿಮಿಷ ಕೂತು ಎದ್ದು ಬರಬಹುದು. ಈ ಐದು ನಿಮಿಷದ ಶಿಕ್ಷೆ 1922ರಿಂದ ಇದೆ. ಹೆಚ್ಚುಕಮ್ಮಿ ನೂರು ವರ್ಷದಿಂದ ಲೀಗ್ ಹೊಡೆದಾಟವನ್ನು ಬೇಡ ಅಂತಲೂ ಅಂದಿಲ್ಲ, ಬೇಕು ಅಂತಲೂ ಅಂದಿಲ್ಲ.

ಮಗನ ಪ್ರಶ್ನೆಗೆ ಉತ್ತರ ಕೊಟ್ಟವರು ಆ ಪಕ್ಕದ ಮನೆಯ ಯಜಮಾನರು. ಎಪ್ಪತ್ತು ದಾಟಿದವರು, ಹುಡುಗನಾಗಿದ್ದಾಗ ಉತ್ತರ ಒಂಟಾರಿಯೋದಲ್ಲಿ ಜೂನಿಯರ್ ಹಾಕಿ ಆಡಿದವರು. ಅವರ ಬಲಗೈ ಮುಷ್ಟಿ ಹಿಡಿದರೆ ನಾಲ್ಕು ಗೆಣ್ಣು ಕಾಣಬೇಕಾದಲ್ಲಿ ಎರಡೇ ಕಾಣುತ್ತವೆ. ಉಳಿದೆರಡು ಒಳಗೆ ಕುಸಿದು ಚಪ್ಪಟೆಯಾಗಿವೆ. ಹೆಲ್ಮೆಟ್‌ಗೆ ಬಡಿದು ಆದದ್ದಂತೆ. ಆ ಕೈಯನ್ನೇ ಮಗನ ಮುಂದೆ ಚಾಚಿ, ಆಟಗಾರರ 'ಕೋಡ್', ಅಂದರೆ ಅವರೇ ಮಾಡಿಕೊಂಡ ಬರೆಯದ ನಿಯಮ, ಏನು ಅಂತ ಹೇಳಿದರು. ಮೊದಲು ಕೇಳಬೇಕು, ಇಬ್ಬರೂ ಒಪ್ಪಬೇಕು. ಇಬ್ಬರೂ ಒಟ್ಟಿಗೆ ಗ್ಲೌಸ್ ಬಿಚ್ಚಬೇಕು. ಸ್ಟಿಕ್ ಮುಟ್ಟಬಾರದು. ಬಿದ್ದವನಿಗೆ ಹೊಡೆಯಬಾರದು. ಗಾಯ ಆದವನನ್ನು ಕೆಣಕಬಾರದು. ಬೆನ್ನಿನ ಹಿಂದಿನಿಂದ ಯಾವತ್ತೂ ಹೋಗಬಾರದು. ಜರ್ಸಿ ಬಗ್ಗೆಯೂ ಹೇಳಿದರು: ಅದರ ಹಿಂಭಾಗದಲ್ಲಿ ಒಂದು ಪಟ್ಟಿ ಇರುತ್ತದೆ, ಅದನ್ನು ಪ್ಯಾಂಟ್‌ಗೆ ಸಿಕ್ಕಿಸಿಕೊಳ್ಳಬೇಕು. ಇಲ್ಲದಿದ್ದರೆ ಎದುರಾಳಿ ಜರ್ಸಿಯನ್ನು ತಲೆಯ ಮೇಲೆ ಎಳೆದು ಕಣ್ಣು ಮುಚ್ಚಿಸಿ ಗುದ್ದುತ್ತಾನೆ. ಬಫಲೋ ತಂಡದ ರಾಬ್ ರೇ ಬೇಕಂತಲೇ ಜರ್ಸಿ ಕಳಚಿಹೋಗುವ ಹಾಗೆ ಹಾಕಿಕೊಂಡು ಬರುತ್ತಿದ್ದ, ಎದುರಾಳಿಗೆ ಹಿಡಿಯಲು ಏನೂ ಸಿಗಬಾರದು ಅಂತ. ಆಮೇಲೆ ಲೀಗ್ ಅದಕ್ಕೂ ನಿಯಮ ತಂದಿತು.

"ರೆಫರಿಗೆ ಎಲ್ಲಾ ಕಾಣಲ್ಲ," ಅಂದರು. ಪಕ್ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಯಾರೋ ಸ್ಟಿಕ್‌ನಿಂದ ಮಣಿಕಟ್ಟಿಗೆ ಬಾರಿಸಿರುತ್ತಾನೆ. ಅವನಿಗೆ ಹೆದರಿಕೆ ಇರಬೇಕಾದದ್ದು ಎದುರು ತಂಡದಲ್ಲಿ ಹೊಡೆದಾಡಲೆಂದೇ ಇರುವವನದ್ದು. ಎಂಬತ್ತರ ದಶಕದ ಎಡ್ಮಂಟನ್ ತಂಡದಲ್ಲಿ ಹಾಕಿ ದಿಗ್ಗಜ ವೇಯ್ನ್ ಗ್ರೆಟ್ಸ್‌ಕಿ ನಿರಾಳವಾಗಿ ಆಡಿದ್ದು ಪಕ್ಕದಲ್ಲಿ ಡೇವ್ ಸೆಮೆಂಕೊ, ಮಾರ್ಟಿ ಮ್ಯಾಕ್‌ಸೋರ್ಲಿ ಇದ್ದದ್ದಕ್ಕೆ. 1988ರಲ್ಲಿ ಗ್ರೆಟ್ಸ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಮ್ಯಾಕ್‌ಸೋರ್ಲಿಯೂ ಜೊತೆಗೇ ಹೋದ. 1992ರಲ್ಲಿ ಜಗಳ ಶುರು ಮಾಡಿದವನಿಗೆ ಹೆಚ್ಚುವರಿ ಶಿಕ್ಷೆಯ ನಿಯಮ ಬಂತಲ್ಲ, ಅಲ್ಲಿಂದ ಕಿಡಿಗೇಡಿಗಳಿಗೆ ಭಯವೇ ಹೋಯಿತು. ಇದು ಅವರ ವಾದ.

ಅವರ ಮಾತಿನಲ್ಲಿ ಸುಳ್ಳಿಲ್ಲ. ರಿಂಕ್‌ನ ಗಾಜಿನ ಪಕ್ಕ ನಿಂತು ನೋಡಿದವರಿಗೆ ಗೊತ್ತು, ಆಟದ ವೇಗಕ್ಕೆ ಕಣ್ಣು ಸೋಲುತ್ತದೆ. ಆದರೆ ನಾವು ಆಗ ನೋಡಿದ ಮೂರು ಹೊಡೆದಾಟದಲ್ಲಿ ಯಾರೂ ಯಾರಿಗೂ ಅನ್ಯಾಯ ಮಾಡಿರಲಿಲ್ಲ. ಮಾಡಲು ಸಮಯವೇ ಇರಲಿಲ್ಲ! ಅಮೆರಿಕದ ಆಟಗಾರರು ಮೊದಲೇ ಮಾತಾಡಿಕೊಂಡು ಬಂದಿದ್ದರು ಅಂತ ಆಮೇಲೆ ಹೊರಬಿತ್ತು. ತಪ್ಪು ಮಾಡಿದವನೇ ಇಲ್ಲದಲ್ಲಿ ಪೊಲೀಸ್ ಕೆಲಸ ಎಲ್ಲಿಂದ ಬಂತು?

ನನಗೆ ಆ ಕೋಡ್ ಮೇಲೆ ನಂಬಿಕೆ ಬರದಿರಲು ಕಾರಣ ಸ್ಟೀವ್ ಮೂರ್. ಹಾರ್ವರ್ಡ್‌ನಲ್ಲಿ ಓದಿ ಕೊಲರಾಡೊ ತಂಡ ಸೇರಿದ ಹುಡುಗ. 2004ರ ಫೆಬ್ರವರಿಯಲ್ಲಿ ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲಂಡ್‌ನ ತಲೆಗೆ ಅವನಿಂದ ಬಲವಾದ ಪೆಟ್ಟು ಬಿತ್ತು. ರೆಫರಿ ಪೆನಾಲ್ಟಿ ಕೊಡಲಿಲ್ಲ, ಲೀಗ್ ಕೂಡ ಅಮಾನತು ಮಾಡಲಿಲ್ಲ. ವ್ಯಾಂಕೂವರ್‌ನವರು ಸೇಡಿನ ಮಾತಾಡಿದರು. ಮಾರ್ಚ್ 8ರಂದು ಎರಡೂ ತಂಡ ವ್ಯಾಂಕೂವರ್‌ನಲ್ಲಿ ಎದುರಾದಾಗ ಮೊದಲ ಅವಧಿಯಲ್ಲೇ ವ್ಯಾಂಕೂವರ್‌ನ ಮ್ಯಾಟ್ ಕುಕ್ ಜೊತೆ ಮೂರ್ ಹೊಡೆದಾಡಿದ. ಕೋಡ್ ಪ್ರಕಾರ ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಸಾಲ ತೀರಿಸಿದ ಮೇಲೂ ಪತ್ರ ಹರಿಯದ ಸಾಹುಕಾರನ ಹಾಗೆ ಅದೇ ತಂಡದ ಟಾಡ್ ಬರ್ಟುಜಿ ಮೂರನೇ ಅವಧಿಯಲ್ಲಿ ಅವನ ಬೆನ್ನು ಬಿದ್ದ. ಮೂರ್ ತಿರುಗಲೂ ಇಲ್ಲ. ಹಿಂದಿನಿಂದ ಜರ್ಸಿ ಹಿಡಿದು ಗುದ್ದಿದ, ಮಂಜಿನ ಮೇಲೆ ಬಿದ್ದವನ ಮೇಲೆ ತಾನೂ ಬಿದ್ದ, ಅವರ ಮೇಲೆ ಇನ್ನೂ ಕೆಲವರು ಬಿದ್ದರು. ಕತ್ತಿನ ಮೂರು ಮೂಳೆ ಮುರಿದವು. ಮೂರ್ ಮತ್ತೆ ಒಂದು ಪಂದ್ಯವನ್ನೂ ಆಡಲಿಲ್ಲ. ಬರ್ಟುಜಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ಜೈಲಿಗೆ ಹೋಗಲಿಲ್ಲ. 2006ರ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಆಡಿದ. ಮೂರ್ ಹೂಡಿದ ದಾವೆ ರಾಜಿಯಲ್ಲಿ ಮುಗಿಯುವಾಗ 2014.

ಇದನ್ನು ಹೇಳಿದಾಗ ಯಜಮಾನರು ತಲೆ ಅಲ್ಲಾಡಿಸಿದರು. "ಅದು ಕೋಡ್ ಅಲ್ಲ, ಕೋಡ್ ಮುರಿದದ್ದು" ಅಂದರು. ನಾನು ಬಿಡಲಿಲ್ಲ. ಮುರಿದಾಗ ಕೇಳುವವರು ಯಾರು? ರೆಫರಿ ತಪ್ಪು ಮಾಡಿದರೆ ಮೇಲೆ ಲೀಗ್ ಇದೆ. ಕೋಡ್‌ಗೆ ಮೇಲೆ ಯಾರಿದ್ದಾರೆ? ಶಿಕ್ಷೆ ಎಷ್ಟು, ಎಲ್ಲಿಗೆ ಸಾಕು ಅನ್ನುವುದನ್ನು ಸಿಟ್ಟಿನಲ್ಲಿರುವವನೇ ತೀರ್ಮಾನ ಮಾಡುವುದಾದರೆ ಅದು ಒಂದಲ್ಲ ಒಂದು ದಿನ ಮೂರ್‌ನಂಥವನ ಕತ್ತಿಗೇ ಬರುತ್ತದೆ.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಈ ಕಾವಲು ಕಾಯುವ ಎನ್‌ಫೋರ್ಸರ್‌ಗಳು ಏನಾದರು? ಡೆರೆಕ್ ಬೂಗಾರ್ಡ್ 277 ಪಂದ್ಯ ಆಡಿ ಹೊಡೆದದ್ದು ಮೂರು ಗೋಲು. ಗೋಲು ಹೊಡೆಯಲಿ ಅಂತ ಅವನನ್ನು ಯಾರೂ ಇಟ್ಟುಕೊಂಡಿರಲಿಲ್ಲ. 2011ರ ಮೇ ತಿಂಗಳಲ್ಲಿ ನೋವಿನ ಮಾತ್ರೆ ಮತ್ತು ಮದ್ಯ ಸೇರಿ ಅವನು ತೀರಿಕೊಂಡಾಗ ವಯಸ್ಸು 28. ಮಿದುಳು ಪರೀಕ್ಷಿಸಿದಾಗ ಸಿಟಿಇ ಇತ್ತು, ತಲೆಗೆ ಪೆಟ್ಟು ಬಿದ್ದು ಬಿದ್ದು ಬರುವ ಕಾಯಿಲೆ. ಅದೇ ವರ್ಷದ ಆಗಸ್ಟ್‌ನಲ್ಲಿ ರಿಕ್ ರಿಪಿಯನ್, ವೇಡ್ ಬೆಲಾಕ್ ಇಬ್ಬರೂ ಹೋದರು. ಮೂವರೂ ಅದೇ ಕೆಲಸ ಮಾಡಿದವರು. ಆ ಬೇಸಿಗೆಯ ನಂತರ ಹೊಡೆದಾಟಕ್ಕೆ ಚಪ್ಪಾಳೆ ತಟ್ಟಲು ನನಗೆ ಕೈ ಬರುವುದಿಲ್ಲ.

ಆ ರಾತ್ರಿ ಅಮೆರಿಕ 3-1ರಲ್ಲಿ ಗೆದ್ದಿತು. ಐದು ದಿನದ ನಂತರ ಬಾಸ್ಟನ್‌ನಲ್ಲಿ ಅದೇ ಎರಡು ತಂಡಗಳ ಫೈನಲ್. ಅದೇ ಸಿಟ್ಟು, ಅದೇ ರಾಜಕೀಯ. ಒಂದು ಹೊಡೆದಾಟವೂ ಆಗಲಿಲ್ಲ. ಕಾನರ್ ಮೆಕ್‌ಡೇವಿಡ್ ಹೆಚ್ಚುವರಿ ಅವಧಿಯಲ್ಲಿ ಗೋಲು ಹೊಡೆದು ಕೆನಡಾ 3-2ರಲ್ಲಿ ಗೆದ್ದಾಗ ಯಜಮಾನರು ನನ್ನ ಮಗನನ್ನು ಎತ್ತಿ ಕುಣಿದರು. ಜಗಳ ಯಾಕೆ ಆಗಲಿಲ್ಲ ಅಂತ ನಾನು ಕೇಳಿದೆ. "ಫೈನಲ್‌ನಲ್ಲಿ ಐದು ನಿಮಿಷ ಯಾರು ಕೂತ್ಕೋತಾರೆ?" ಅಂದರು. ಹಾಗಾದರೆ ಬೆಲೆ ಜಾಸ್ತಿ ಆದಾಗ ಕೈ ತಾನಾಗಿಯೇ ನಿಲ್ಲುತ್ತದೆ. ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಿಂದ ಹೊಡೆದಾಡಿದವರನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಿದೆ. ಎನ್‌ಎಚ್‌ಎಲ್‌ನಲ್ಲೂ 2008-09ರಲ್ಲಿ 700 ದಾಟಿದ್ದ ಹೊಡೆದಾಟಗಳು ಈಗ ಅರ್ಧಕ್ಕೂ ಕಡಿಮೆ. ಆಟವೇನೂ ಸಪ್ಪೆಯಾಗಿಲ್ಲ, ಇನ್ನೂ ಚುರುಕಾಗಿದೆ.

ಮಗನ ಪಂದ್ಯಗಳಿಗೆ ಬರುವ ರೆಫರಿಗಳು ಹದಿನಾರು ಹದಿನೇಳರ ಹುಡುಗ ಹುಡುಗಿಯರು. ಅವರ ಮೇಲೆ ಗಾಜು ಬಡಿದು ಕೂಗುವವರು ನಾವೇ, ಅಪ್ಪ ಅಮ್ಮಂದಿರು. ಸೀಟಿ ಊದುವುದನ್ನು ಕಲಿಯುತ್ತಿರುವ ಮಕ್ಕಳನ್ನು ಹೆದರಿಸಿ ಓಡಿಸಿದರೆ ಮುಂದೆ ರೆಫರಿ ಆಗುವವರು ಯಾರು? ಈಗ ನನ್ನ ಪಕ್ಕ ಯಾರಾದರೂ ಹಾಗೆ ಕೂಗಿದರೆ ನಾನು ಸುಮ್ನೆ ಇರುವುದಿಲ್ಲ, ಮುಖಕ್ಕೆ ಹೇಳುತ್ತೇನೆ. ಯಜಮಾನರೂ ಕೆಲವು ಸಲ ಪಂದ್ಯಕ್ಕೆ ಬರುತ್ತಾರೆ. ಕೋಡ್ ವಿಷಯದಲ್ಲಿ ಅವರು ನನ್ನ ಮಾತು ಇನ್ನೂ ಒಪ್ಪಿಲ್ಲ. ರೆಫರಿ ವಿಷಯದಲ್ಲಿ ಮಾತ್ರ ನನಗಿಂತ ಜೋರಾಗಿ ಅವರೇ ಗದರುತ್ತಾರೆ.