‘ಕನಾರ್ಟಕ’ ಸರಿಯಾಗಿ ‘ಕರ್ನಾಟಕ’ ಆಗಲು 11 ರಾತ್ರಿ

ನಿನ್ನೆ ರಾತ್ರಿ ಒಂದೂವರೆಗೆ ಪರದೆ ಮೇಲೆ ‘ಕರ್ನಾಟಕ’ ಎಂದು ಸರಿಯಾಗಿ ಬಂತು! 11 ರಾತ್ರಿಯಿಂದ ಅದು ‘ಕನಾರ್ಟಕ’ ಎಂದೇ ಬರುತ್ತಿತ್ತು. ಖುಷಿ ತಡೆಯಲಾಗದೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ‘ಮೊದಲೂ ಹಾಗೇ ಇತ್ತಲ್ವಾ’ ಎಂದು ಮಗ್ಗುಲು ಬದಲಿಸಿದಳು.

ಬಡಾವಣೆಯ ವಾಚನಾಲಯಕ್ಕೆ 2003ರಲ್ಲಿ ನಾನು ವಿಬಿ 6ರಲ್ಲಿ (ವಿಷುವಲ್ ಬೇಸಿಕ್ ಎಂಬ ಹಳೇ ಪ್ರೋಗ್ರಾಮಿಂಗ್ ಭಾಷೆ) ಬರೆದ ಪ್ರೋಗ್ರಾಂ ಇದು. ಹಿಂದೆ ಆಕ್ಸೆಸ್ ಡೇಟಾಬೇಸ್ ಫೈಲು, ಮುಂದೆ ನುಡಿ ಫಾಂಟು, ಒಳಗೆ 6,400 ಪುಸ್ತಕ. ವಿಬಿ 6ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2008ರಲ್ಲೇ ನಿಂತರೂ ಪ್ರೋಗ್ರಾಂ ಇವತ್ತಿಗೂ ವಿಂಡೋಸ್ 11ರಲ್ಲಿ ಓಡುತ್ತದೆ. ಆದರೆ ಆ ಒಂದೇ ಕಂಪ್ಯೂಟರಿನಲ್ಲಿ. ಪುಸ್ತಕ ಇದೆಯಾ ಇಲ್ವಾ ಎಂದು ಓದುಗರು ಮನೆಯಲ್ಲೇ ಫೋನಿನಲ್ಲಿ ನೋಡಬೇಕು, ಅದಕ್ಕೇ ವೆಬ್‌ಸೈಟ್ ಕಟ್ಟುವ ಜ್ಯಾಂಗೋಗೆ ಸಾಗಿಸುತ್ತಿದ್ದೇನೆ.

ಮಾಡೆಲ್ (ಮಾಹಿತಿಯ ಚೌಕಟ್ಟು ಹೇಳುವ ಕೋಡು), ಲಾಗಿನ್, ಅಡ್ಮಿನ್ ಪುಟ ಎಲ್ಲ ಮಾಮೂಲಿ. ಆಕ್ಸೆಸ್ ಫೈಲು ಓದುವ ಎಂಡಿಬಿ ಟೂಲ್ಸ್‌ನಿಂದ ಸಿಎಸ್‌ವಿ (ಸಾದಾ ಪಟ್ಟಿ) ತೆಗೆದೆ. ದಂಡದ ಲೆಕ್ಕವೆಲ್ಲ ಬಟನ್ ಕ್ಲಿಕ್ಕಿನ ಕೋಡಿನಲ್ಲಿತ್ತು, ಅದು ಮಾಡೆಲ್‌ಗೆ ಬಂತು. ಒಂದು ಭಾನುವಾರದ ಕೆಲಸ.

ಜೀವ ತಿಂದಿದ್ದು ಅರ್ಕಾವತ್ತು.

ನುಡಿಯ ಹಳೇ ಫಾಂಟಿನಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಚೂರುಗಳು. ಫೋನಿನಲ್ಲಿ ಕಾಣಬೇಕಾದರೆ ಅವನ್ನು ಯೂನಿಕೋಡಿಗೆ (ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಬದಲಿಸಬೇಕು. ‘ವ’ಕ್ಕೆ ಕೊಂಬು ಅಂಟಿಸಿದರೆ ‘ಮ’. ಹಾಗಾಗಿ ಉದ್ದದ ಜೋಡಣೆಗಳನ್ನು ಮೊದಲು ಬದಲಿಸಬೇಕು, ಇಲ್ಲದಿದ್ದರೆ ‘ಮರ’ ‘ವುರ’ ಆಗುತ್ತದೆ. ಇದು ಬೇಗ ಹೊಳೆಯಿತು. ಆದರೆ ಅರ್ಕಾವತ್ತು ನುಡಿಯಲ್ಲಿ ಅಕ್ಷರದ ನಂತರ ಕೂರುತ್ತದೆ, ಕಣ್ಣಿಗೆ ಕಾಣುವ ಹಾಗೆಯೇ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು, ನಾವು ಉಚ್ಚರಿಸುವ ಹಾಗೆ. ಇದ್ದಲ್ಲೇ ಬದಲಿಸಿದರೆ ಸೂರ್ಯ ‘ಸೂಯರ್’ ಆಗುತ್ತಾನೆ, ತೀರ್ಥಹಳ್ಳಿ ‘ತೀಥರ್ಹಳ್ಳಿ’ ಆಗುತ್ತದೆ.

ಒಂದು ವ್ಯಂಜನ ಹಿಂದೆ ತಳ್ಳಿದೆ. ಸೂರ್ಯ ಸರಿಹೋದ, ‘ಮರ್ತ್ಯ’ ಹೋಗಿ ‘ಮತ್ರ್ಯ’ ಆಯಿತು! ಒತ್ತು ಕಂಡರೆ ಇನ್ನೊಂದು ಹೆಜ್ಜೆ ಹಿಂದೆ ಎಂದು ಬರೆದೆ, ‘ಪಾರ್ಕ್’ ಕೆಟ್ಟಿತು. ಪ್ರತಿ ಶಬ್ದಕ್ಕೂ ಒಂದೊಂದು ‘ಇಫ್’ (ಹೀಗಿದ್ದರೆ ಹಾಗೆ ಎಂಬ ಷರತ್ತು) ಸೇರಿಸುತ್ತಾ ಹೋದೆ, 40 ದಾಟಿತು. ಕೊನೆಗೆ ಎಲ್ಲ ಅಳಿಸಿ, ಮೊದಲು ಇಡೀ ಸಾಲನ್ನು ನಾವು ಶಾಲೆಯಲ್ಲಿ ಕಲಿತ ಹಾಗೆ ಅಕ್ಷರ ಅಕ್ಷರವಾಗಿ ಕತ್ತರಿಸಿದೆ, ಅಂದರೆ ವ್ಯಂಜನ, ಒತ್ತು, ಗುಣಿತ ಎಲ್ಲ ಸೇರಿ ಒಂದು ತುಂಡು. ಅರ್ಕಾವತ್ತು ಸಿಕ್ಕರೆ ಅದರ ಹಿಂದಿನ ತುಂಡಿನ ತಲೆಗೆ ‘ರ್’. ಹನ್ನೆರಡು ಸಾಲಿನ ಕೋಡು, ಅಷ್ಟೇ.

ಇದರ ನಡುವೆ ಒಬ್ಬ ಮಾರಾಟಗಾರನ ಹತ್ತಿರ 1,500 ರೂಪಾಯಿ ಕೊಟ್ಟು ನುಡಿಯನ್ನು ಯೂನಿಕೋಡ್ ಮಾಡುವ ಕನ್ವರ್ಟರ್ ತಂದಿದ್ದೆ. ಅದೂ ‘ಕನಾರ್ಟಕ’ ಎಂದೇ ಕೊಟ್ಟಿತು. ಫೋನ್ ಮಾಡಿದರೆ ‘ಫಾಂಟ್ ಬದಲಿಸಿ ನೋಡಿ ಸಾರ್’ ಅಂತಾರೆ. ಫಾಂಟಿಗೂ ಇದಕ್ಕೂ ಏನು ಸಂಬಂಧ? ದುಡ್ಡು ಇಸಿದುಕೊಂಡವರು ಒಂದು ಸಲ ‘ಕರ್ನಾಟಕ’ ಎಂದು ಹಾಕಿ ನೋಡಬಾರದಿತ್ತೇ?

‘ರ‍್ಯಾಂಕ್’ ಬೇರೆಯೇ ತಕರಾರು. ಅಲ್ಲಿ ರ ಪೂರ್ತಿ ಇದ್ದು ಕೆಳಗೆ ಯ ಒತ್ತು ಬರಬೇಕು, ಸುಮ್ನೆ ಬಿಟ್ಟರೆ ‘ರ್ಯಾಂಕ್’ ಆಗುತ್ತದೆ. ರ ಆದಮೇಲೆ ಕಣ್ಣಿಗೆ ಕಾಣದ ಜಾಯ್ನರ್ ಒಂದನ್ನು ಸೇರಿಸಿದೆ, ಸರಿಹೋಯಿತು. ಆದರೆ ಈಗ ಹುಡುಕುವಾಗ ಅದನ್ನು ತೆಗೆದು ಹೋಲಿಸಬೇಕು, ಯಾರೂ ಅದನ್ನು ಟೈಪ್ ಮಾಡುವುದಿಲ್ಲವಲ್ಲ.

ಜಾಸ್ತಿ ಖುಷಿ ಕೊಟ್ಟಿದ್ದು ಅಕಾರಾದಿ. ನುಡಿಯ ‘ಯ’ ಶುರುವಾಗುವುದೇ ಇಂಗ್ಲಿಷಿನ ದೊಡ್ಡ ‘ಎ’ಯಿಂದ, ಹಾಗಾಗಿ 20 ವರ್ಷ ಯಕ್ಷಗಾನದ ಪುಸ್ತಕಗಳು ‘ಅ’ಕ್ಕಿಂತ ಮೊದಲು ಕೂತಿದ್ದವು. ಹೊಸ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದ ಐಸಿಯು ಕೊಲೇಷನ್ (ಅಕಾರಾದಿಯ ನಿಯಮ) ಹಾಕಿದೆ. ಎಲ್ಲ ಅವರವರ ಜಾಗಕ್ಕೆ ಹೋದರು.

ಮುಂದೆ ಫೋನ್ ಕ್ಯಾಮೆರಾದಲ್ಲೇ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದನ್ನು ಮಾಡಬೇಕು. ಹಳೇ ಪುಸ್ತಕಗಳಿಗೆ ಬಾರ್‌ಕೋಡ್ ಇಲ್ಲ, ನಾವೇ ಚೀಟಿ ಅಂಟಿಸಬೇಕು. ಅದಕ್ಕೂ ಮೊದಲು 212 ಪುಸ್ತಕ ಬಾಕಿ ಇವೆ. ಯಾರೋ ಡಿಟಿಪಿ ಅಂಗಡಿಯಲ್ಲಿ ಶ್ರೀಲಿಪಿ ಎಂಬ ಬೇರೆ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ತಂದು ಸೇರಿಸಿದ್ದಾರೆ, ಅದರ ಚೂರುಗಳ ಲೆಕ್ಕವೇ ಬೇರೆ. ಇವತ್ತು ರಾತ್ರಿ ಅದಕ್ಕೆ ಕೈ ಹಾಕುತ್ತೇನೆ.