ಗಾಜಿನ ಬಾಟಲಿಗೆ ಎಷ್ಟು ಲೈಟ್ ಬೇಕು? ಒಂದೇ ಸಾಕು, ಅದೂ ಬಾಟಲಿಯ ಮೇಲೆ ಬೀಳಬಾರದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಜೇನು, ಜೋನಿಬೆಲ್ಲ (ದ್ರವ ಬೆಲ್ಲ), ಮುರುಗಲು (ಕೋಕಂ) ಸಿರಪ್, ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿ ವಾಟ್ಸಾಪಿನಲ್ಲಿ ಮಾರುವವರು ಕೇಳುವುದೂ ಇದನ್ನೇ, ಕಾರವಾರ ಗೋಕರ್ಣದ ಕಡೆ ಊಟದ ಮೆನುವಿಗೆ ಫೋಟೊ ಬೇಕೆನ್ನುವವರು ಕೇಳುವುದೂ ಇದನ್ನೇ: "ಬಾಟಲಿ ಫೋಟೊ ಸರಿ ಬರ್ತಾ ಇಲ್ಲ. ಟ್ಯೂಬ್‌ಲೈಟು, ಕಿಟಕಿ, ಮೊಬೈಲ್ ಹಿಡಿದವರು, ಎಲ್ಲಾ ಅದರೊಳಗೇ ಕಾಣ್ತದೆ. ಇನ್ನೆರಡು ಲೈಟ್ ತಗೊಂಡ್ರೆ ಸರಿ ಆಗ್ತದಾ?"

ಆಗುವುದಿಲ್ಲ. ಇದ್ದದ್ದೂ ಕೆಡುತ್ತದೆ. ತಂದ ಪ್ರತಿ ಲೈಟೂ ಗಾಜಿನ ಮೇಲೆ ಇನ್ನೊಂದು ಬಿಳಿ ಚುಕ್ಕೆಯಾಗಿ ಕೂರುತ್ತದೆ, ಅಷ್ಟೇ.

ಮಾವಿನಕಾಯಿಯ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದರುತ್ತದೆ. ಹಾಗಾಗಿ ಯಾವ ಕಡೆಯಿಂದ ಬೆಳಕು ಹಾಕಿದರೂ ಕಾಯಿ ಕಾಣುತ್ತದೆ. ಗಾಜು ಹಾಗಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದ ಸುಮಾರು 4 ಶೇಕಡಾ ಮಾತ್ರ ಹಿಂತಿರುಗುತ್ತದೆ, ಅದೂ ಕನ್ನಡಿಯಂತೆ ಒಂದೇ ದಿಕ್ಕಿಗೆ. ಓರೆಯಾಗಿ ಬಿದ್ದಷ್ಟೂ ಈ ಪಾಲು ಹೆಚ್ಚುತ್ತದೆ. ಉಳಿದದ್ದು ಒಳಹೊಕ್ಕು, ಬಾಗಿ, ಆಚೆ ಹೋಗುತ್ತದೆ. ಅಂದರೆ ಫೋಟೊದಲ್ಲಿ ನಾವು ಗಾಜು ಎಂದು ನೋಡುವುದು ಗಾಜನ್ನಲ್ಲ. ಅದರ ಹಿಂದೆ ಇರುವುದು ಅದರ ಮೂಲಕ ಕಾಣುತ್ತದೆ, ಅದರ ಸುತ್ತ ಇರುವುದು ಅದರ ಅಂಚಿನಲ್ಲಿ ಕಾಣುತ್ತದೆ. ಬಾಟಲಿಯ ನಡುಭಾಗ ನೇರ ಹಿಂದಿನದನ್ನು ತೋರಿಸುತ್ತದೆ. ಅಂಚಿನಲ್ಲಿ ಗಾಜು ಬೆಳಕನ್ನು ಜೋರಾಗಿ ಬಗ್ಗಿಸುವುದರಿಂದ ಅಲ್ಲಿ ಕಾಣುವುದು ಹಿನ್ನೆಲೆಯ ಆಚೆಗಿನ ಎಡಬಲ. ಇಷ್ಟು ಗೊತ್ತಾದರೆ ಕೆಲಸ ಮುಕ್ಕಾಲು ಮುಗಿದಂತೆ: ಬಾಟಲಿಗೆ ಬೆಳಕು ಹಾಕಬೇಡಿ, ಹಿನ್ನೆಲೆಗೆ ಹಾಕಿ.

ಸಾಮಾನು ಹೆಚ್ಚೇನಿಲ್ಲ. 15ರಿಂದ 20 ವ್ಯಾಟಿನ ಒಂದು ಎಲ್‌ಇಡಿ ಬಲ್ಬು, ಹೋಲ್ಡರು, ವೈರು. 60×90 ಸೆಂ.ಮೀ. ಅಳತೆಯ ಮರದ ರೀಪಿನ ಚೌಕಟ್ಟು, ಅದಕ್ಕೆ ಬಿಗಿಯಾಗಿ ಎಳೆದು ಹೊಡೆದ ಟ್ರೇಸಿಂಗ್ ಪೇಪರ್ ಅಥವಾ ತೆಳ್ಳಗಿನ ಬಿಳಿ ಹತ್ತಿ ಪಂಚೆ, ಇದೇ ನಮ್ಮ ಪರದೆ. ಕಪ್ಪು ಚಾರ್ಟ್ ಶೀಟ್ ನಾಲ್ಕು, ಥರ್ಮೋಕೋಲ್ ಹಲಗೆ ಒಂದು, ಕ್ಲಿಪ್ಪುಗಳು. ಸ್ಟ್ಯಾಂಡ್ ಮಾತ್ರ ಬೇಕೇ ಬೇಕು, ಮೊಬೈಲಿನದಾದರೂ ಅಡ್ಡಿಲ್ಲ. ಪಂಚೆಗೆ ನೀಲಿ ಹಾಕಿ ಒಗೆದಿದ್ದರೆ ಫೋಟೊಕ್ಕೂ ನೀಲಿ ಛಾಯೆ ಬರಬಹುದು. ಬಾಟಲಿ ಇಡುವ ಜಾಗದಲ್ಲಿ ಬಿಳಿ ಕಾಗದವನ್ನು ಪರದೆಯ ಕಡೆ ಮುಖ ಮಾಡಿಟ್ಟು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಿಸುವ ಸೆಟ್ಟಿಂಗ್) ಹೊಂದಿಸಿಕೊಂಡರೆ ಅದು ಹೋಗುತ್ತದೆ. ಟ್ರೇಸಿಂಗ್ ಪೇಪರ್ ಬೇಸಿಗೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜೂನ್ ಬಂದಮೇಲೆ ನಮ್ಮ ಕಡೆಯ ತೇವಕ್ಕೆ ಸುಕ್ಕುಗಟ್ಟಿ, ಆ ಸುಕ್ಕೆಲ್ಲ ಬಾಟಲಿಯ ಒಳಗೆ ಗೆರೆಗಳಾಗಿ ಕಾಣುತ್ತದೆ. ಮಳೆಗಾಲಕ್ಕೆ ಬಟ್ಟೆಯೇ ವಾಸಿ. ಹಳೆಯ ಹ್ಯಾಲೊಜನ್ ದೀಪವನ್ನು ಕಾಗದದ ಹಿಂದೆ ಇಡಲೇಬೇಡಿ, ಸುಡುತ್ತದೆ.

ಮೊದಲು ಬಿಳಿ ಹಿನ್ನೆಲೆ. ಕೋಣೆ ಕತ್ತಲಾಗಿರಲಿ, ಕಿಟಕಿಗೆ ಕಂಬಳಿ ಹಾಕಿ, ಟ್ಯೂಬ್‌ಲೈಟ್ ಆರಿಸಿ. ಅರ್ಧ ಕಿಲೋ ಜೇನಿನ, ಸುಮಾರು 20 ಸೆಂ.ಮೀ. ಎತ್ತರದ ಬಾಟಲಿ ಎಂದಿಟ್ಟುಕೊಳ್ಳಿ. ಕ್ಯಾಮೆರಾದಿಂದ ಬಾಟಲಿಗೆ 120 ಸೆಂ.ಮೀ., ಬಾಟಲಿಯಿಂದ ಪರದೆಗೆ 50 ಸೆಂ.ಮೀ., ಪರದೆಯ ಹಿಂದೆ ಬಲ್ಬಿಗೆ ಇನ್ನೊಂದು 40ರಿಂದ 50. ಬಲ್ಬು ಇದಕ್ಕಿಂತ ಹತ್ತಿರವಾದರೆ ನಡುವೆ ಬಿಳಿ ಗೋಳ ಮೂಡಿ ಸುತ್ತ ಬೂದುಬಣ್ಣವಾಗುತ್ತದೆ.

ಈಗ ಎಲ್ಲರೂ ಬಿಟ್ಟುಬಿಡುವ ಹೆಜ್ಜೆ. ಬೆಳಗಿದ ಪರದೆ ಕ್ಯಾಮೆರಾದ ಚೌಕಟ್ಟಿಗೆ (ಫೋಟೊದಲ್ಲಿ ಬರುವ ಜಾಗಕ್ಕೆ) ಎಷ್ಟು ಬೇಕೋ ಅಷ್ಟೇ ಇರಬೇಕು. ಬಾಟಲಿ ಇರುವ ಜಾಗದಲ್ಲಿ ಚೌಕಟ್ಟು 30×22 ಸೆಂ.ಮೀ. ಹಿಡಿಸುತ್ತಿದ್ದರೆ, 50 ಸೆಂ.ಮೀ. ಹಿಂದೆ ಅದು ಸುಮಾರು 43×31 ಆಗುತ್ತದೆ. ಹಾಗಾಗಿ ಪರದೆಯ ಮೇಲೆ 45×33 ಅಳತೆಯ ಕಿಂಡಿ ಬಿಟ್ಟು ಉಳಿದದ್ದನ್ನು ಕಪ್ಪು ಚಾರ್ಟಿನಿಂದ ಮುಚ್ಚಿ. ಆಗ ಬಾಟಲಿಯ ಅಂಚು ಕಿಂಡಿಯ ಆಚೆಗಿನ ಕಪ್ಪನ್ನು ಹಿಡಿದು, ಸುತ್ತ ಕರಿ ಪೆನ್ಸಿಲಿನಲ್ಲಿ ಎಳೆದಂಥ ಗೆರೆ ಮೂಡುತ್ತದೆ. ಪರದೆ ಪೂರ್ತಿ ಬೆಳಗಿದ್ದರೆ ಅಂಚಿಗೂ ಬಿಳಿಯೇ ಸಿಕ್ಕು ಬಾಟಲಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. "ಬಿಳಿ ಹಿನ್ನೆಲೆ ಹಾಕಿದ್ರೆ ಬಾಟಲಿಯೇ ಕಾಣೂದಿಲ್ಲ" ಎನ್ನುವವರ ತೊಂದರೆ ನೂರಕ್ಕೆ ತೊಂಬತ್ತು ಪಾಲು ಇದೇ. ಗೆರೆ ಇನ್ನೂ ದಪ್ಪ ಬೇಕಾದರೆ ಬಾಟಲಿಯ ಎಡಬಲಕ್ಕೆ, ಚೌಕಟ್ಟಿನ ಹೊರಗೆ, ಒಂದೊಂದು ಕಪ್ಪು ಹಾಳೆ ನಿಲ್ಲಿಸಿ.

ಖಾಲಿ ಬಾಟಲಿಗೂ ತುಂಬಿದ ಬಾಟಲಿಗೂ ಇಲ್ಲಿ ವ್ಯತ್ಯಾಸವಿದೆ. ಖಾಲಿಯಿದ್ದಾಗ ಬೆಳಕು ಬಾಗುವುದು ಗೋಡೆಯಲ್ಲಿ ಮಾತ್ರ, ಗೆರೆ ತೆಳುವಾಗಿರುತ್ತದೆ. ದುಂಡು ಬಾಟಲಿಗೆ ನೀರೋ ಜೇನೋ ತುಂಬಿದೊಡನೆ ಅದು ದಪ್ಪ ಮಸೂರವಾಗುತ್ತದೆ, ಹಿಂದಿನದು ಎಡಬಲ ಅದಲುಬದಲಾಗಿ ಕಾಣುತ್ತದೆ, ಅಂಚು ಬಹಳ ದೂರದ ಬದಿಯನ್ನು ಎಳೆದು ತರುತ್ತದೆ. ಖಾಲಿ ಬಾಟಲಿಗೆ ಹೊಂದಿದ ಕಿಂಡಿಯಲ್ಲಿ ತುಂಬಿದ ಬಾಟಲಿ ಇಟ್ಟರೆ ಎರಡೂ ಬದಿಗೆ ಅಗಲವಾದ ಕರಿ ಪಟ್ಟಿ ಬರುವುದು ಇದಕ್ಕೇ. ಕಿಂಡಿಯನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪವೇ ಅಗಲಿಸುತ್ತ ನೋಡಿ, ಅಥವಾ ಬಾಟಲಿಯನ್ನು ಪರದೆಯ ಹತ್ತಿರಕ್ಕೆ ಸರಿಸಿ. ಲೆಕ್ಕಕ್ಕಿಂತ ಇಲ್ಲಿ ಕಣ್ಣೇ ಮೇಲು.

ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಎಫ್ (ಲೆನ್ಸಿನ ರಂಧ್ರದ ಅಳತೆ) 8ರಿಂದ 11, ಎರಡು ಸೆಕೆಂಡಿನ ಟೈಮರ್. ಶಟರ್ ಎಷ್ಟು ನಿಧಾನವಾದರೂ ಸರಿ, ಬಾಟಲಿ ಓಡುವುದಿಲ್ಲವಲ್ಲ. ಆದರೆ ನಮ್ಮ ಕರೆಂಟು 50 ಹರ್ಟ್ಸಿನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ 1/100, 1/50 ಅಥವಾ ಅದಕ್ಕಿಂತ ನಿಧಾನದ ಶಟರ್ ಇಡಿ, ಇಲ್ಲವಾದರೆ ಅಡ್ಡ ಪಟ್ಟೆಗಳು ಬರುತ್ತವೆ. ಪರದೆಯ ಮೇಲೆ ಸ್ಪಾಟ್ ಮೀಟರಿನಿಂದ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಅಳೆದು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚಿಸಿದರೆ ಬಿಳಿ ಬಿಳಿಯಾಗಿಯೇ ಬರುತ್ತದೆ. ಅದನ್ನೂ ಮೀರಿದರೆ ಬೆಳಕು ಉಕ್ಕಿ ಆ ಚಂದದ ಕರಿ ಗೆರೆಯನ್ನು ತಿನ್ನುತ್ತದೆ. ಸ್ವಲ್ಪ ಕಡಿಮೆಯಲ್ಲೇ ತೆಗೆದು ಆಮೇಲೆ ಎಡಿಟಿಂಗಿನಲ್ಲಿ ಬಿಳಿಯನ್ನು ಎತ್ತುವುದು ಕ್ಷೇಮ. ಮೊಬೈಲಾದರೆ ಹಿಂದೆ ಸರಿದು 2ಎಕ್ಸ್ ಲೆನ್ಸಿನಲ್ಲಿ ತೆಗೆಯಿರಿ, ಮೊಬೈಲಿನಲ್ಲಿ ಕಾಣುವ ಬಿಳಿ ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ. ಎಚ್‌ಡಿಆರ್ ಆರಿಸಲು ಬಂದರೆ ಆರಿಸಿ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಗಾಜಿನ ಅಂಚು ಅದಕ್ಕೆ ಗೊತ್ತಾಗದೆ ಬಾಟಲಿಯ ಕುತ್ತಿಗೆಯನ್ನೇ ಮಸುಕು ಮಾಡಿಬಿಡುತ್ತದೆ.

ಕಪ್ಪು ಹಿನ್ನೆಲೆಗೆ ಇದನ್ನೇ ತಿರುಗಿಸಿ ಹಾಕುವುದು. ಪರದೆ ಪೂರ್ತಿ ಬೆಳಗಲಿ, ನಡುವೆ ಮಾತ್ರ ಸುಮಾರು 45×33ರ ಕಪ್ಪು ಹಾಳೆ ಅಂಟಿಸಿ. ಬಾಟಲಿಯ ಹಿಂದೆ ಕಪ್ಪು, ಅಂಚಿನಲ್ಲಿ ಬೆಳ್ಳಿಯ ಗೆರೆ. ಕಪ್ಪು ಹಾಳೆ ತೀರ ದೊಡ್ಡದಾದರೆ ಗೆರೆ ಸೊರಗುತ್ತದೆ, ಚಿಕ್ಕದಾದರೆ ಫೋಟೊದ ಮೂಲೆಯಲ್ಲಿ ಬಿಳಿ ಇಣುಕುತ್ತದೆ. ಉಳಿದ ಪರದೆಯ ಬೆಳಕು ನೇರ ಲೆನ್ಸಿಗೆ ಹೊಡೆದು ಇಡೀ ಚಿತ್ರವನ್ನು ಮಂಕಾಗಿಸುತ್ತದೆ, ಲೆನ್ಸ್ ಹುಡ್ ಹಾಕಿ ಅಥವಾ ಕಪ್ಪು ರಟ್ಟನ್ನು ಮರೆಯಾಗಿ ಹಿಡಿಯಿರಿ. ಕಪ್ಪನ್ನು ಕಂಡು ಕ್ಯಾಮೆರಾ ಬೆಳಕು ಸಾಲದೆಂದುಕೊಳ್ಳುತ್ತದೆ, ಅದನ್ನು ನಂಬದೆ ಮ್ಯಾನ್ಯುಯಲ್ಲಿನಲ್ಲಿ ಇಡಿ. ಅಡುಗೆಮನೆಯ ಕರಿ ಗ್ರಾನೈಟ್ ಕಟ್ಟೆ ಇದ್ದರೆ ಅದರ ಮೇಲೇ ಇಡಿ, ಕೆಳಗೆ ಪ್ರತಿಬಿಂಬ ಪುಕ್ಕಟೆ. ಖಾಲಿ ಲೋಟ, ಕೆತ್ತನೆಯ ಗಾಜು ಇದರಲ್ಲಿ ಬಂದಷ್ಟು ಚೆಂದ ಬಿಳಿಯಲ್ಲಿ ಬರುವುದಿಲ್ಲ. ಆದರೆ ಬಿಳಿಯಲ್ಲಿ ಅಡಗಿದ್ದ ಒಂದೊಂದು ಧೂಳಿನ ಕಣವೂ ಇಲ್ಲಿ ನಕ್ಷತ್ರವಾಗುತ್ತದೆ.

ಹಾಗಾಗಿ ತೊಳೆಯುವುದು ಅರ್ಧ ಕೆಲಸ. ಲೇಬಲ್ಲಿನ ಹಳೆಯ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ, ಸೋಪಿನಲ್ಲಿ ತೊಳೆದು, ಕೊನೆಯ ನೀರು ಆರ್‌ಒ ಫಿಲ್ಟರಿನದಾಗಿರಲಿ. ಹಿನ್ನೀರಿನ ಹತ್ತಿರದ ಬಾವಿಗಳಲ್ಲಿ ಉಪ್ಪಿನಂಶವಿದ್ದರೆ ಒಣಗಿದ ಹನಿಯೆಲ್ಲ ಬಿಳಿ ಉಂಗುರ ಬಿಡುತ್ತದೆ. ಒರೆಸಿದ ಮೇಲೆ ಕುತ್ತಿಗೆ ಹಿಡಿದೇ ಎತ್ತಿ, ಬೆರಳಚ್ಚು ಕಂಡೇ ಕಾಣುತ್ತದೆ. ಇನ್ನೊಂದು, ಫ್ರಿಜ್ಜಿನಿಂದ ತೆಗೆದ ಬಾಟಲಿ ಕರಾವಳಿಯ ಗಾಳಿಗೆ ಅರೆ ನಿಮಿಷದಲ್ಲಿ ಬೆವರುತ್ತದೆ. ತಂಪಿನ ಹನಿ ಬೇಕೆಂದೇ ಇದ್ದರೂ ನಿಜವಾದ ಬೆವರು ಹರಿದು ಕೆಡುತ್ತದೆ. ಮೆಡಿಕಲ್ಲಿನಲ್ಲಿ ಸಿಗುವ ಗ್ಲಿಸರಿನ್ನಿಗೆ ಅಷ್ಟೇ ನೀರು ಬೆರೆಸಿ ಸ್ಪ್ರೇ ಮಾಡಿದರೆ ಹನಿ ಗಂಟೆಗಟ್ಟಲೆ ನಿಲ್ಲುತ್ತದೆ. ಏಸಿ ಕೋಣೆಯಿಂದ ತಂದ ಕ್ಯಾಮೆರಾದ ಲೆನ್ಸೂ ಹೀಗೇ ಮಂಜು ಹಿಡಿಯುತ್ತದೆ, ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ಹೊರತೆಗೆಯಿರಿ.

ಇಲ್ಲಿಯವರೆಗೆ ಹೇಳಿದ್ದು ಬೆಳಕು ದಾಟಿಸುವ ವಸ್ತುಗಳಿಗೆ. ಉಪ್ಪಿನಕಾಯಿಯ ಜಾಡಿಯನ್ನು ಬಿಳಿ ಹಿನ್ನೆಲೆಯ ಮುಂದೆ ಇಟ್ಟರೆ ಅಪ್ಪೆಮಿಡಿಯ ಬದಲು ಕರಿ ಗುಡ್ಡ ಕಾಣುತ್ತದೆ. ಕಾರವಾರದ ಸೋಲಕಡಿಯೂ ಅಷ್ಟೇ, ತೆಂಗಿನ ಹಾಲಿನಿಂದಾಗಿ ಬೆಳಕು ದಾಟದು, ಹಿಂದಿನ ಬೆಳಕಿನಲ್ಲಿ ಆ ಗುಲಾಬಿ ಬಣ್ಣ ಮಣ್ಣಿನ ಬಣ್ಣವಾಗುತ್ತದೆ. ಲೇಬಲ್ ಅಂಟಿಸಿದ ಬಾಟಲಿಯಲ್ಲಿ ಹೆಸರೇ ಕತ್ತಲಲ್ಲಿ ಮುಳುಗುತ್ತದೆ. ಇವಕ್ಕೆ ಅದೇ ಪರದೆಯನ್ನು ಬದಿಗೆ ತನ್ನಿ. ಬಾಟಲಿಯಿಂದ 30 ಸೆಂ.ಮೀ. ದೂರದಲ್ಲಿ, ಸ್ವಲ್ಪ ಮುಂದಕ್ಕೆ, ಬಾಟಲಿಗಿಂತ ಎತ್ತರವಾಗಿ ನಿಲ್ಲಿಸಿ. ಎದುರು ಬದಿಗೆ ಥರ್ಮೋಕೋಲ್. ಗಾಜಿನ ಮೇಲೆ ಈಗ ಪರದೆಯ ಪ್ರತಿಬಿಂಬ ಮೇಲಿಂದ ಕೆಳಗೆ ಒಂದೇ ನೀಟಾದ ಪಟ್ಟಿಯಾಗಿ ಬರುತ್ತದೆ. ಅದನ್ನು ಅಳಿಸಲು ಹೋಗಬೇಡಿ, ಗಾಜು ಗಾಜಿನಂತೆ ಕಾಣುವುದೇ ಅದರಿಂದ. ಬಲ್ಬನ್ನು ಪರದೆಯ ಒಂದು ಅಂಚಿನ ಹತ್ತಿರಕ್ಕೆ ಒಯ್ದರೆ ಪಟ್ಟಿಯ ಒಂದು ಅಂಚು ಹೊಳೆದು ಇನ್ನೊಂದು ಮೆಲ್ಲಗೆ ಮಾಸುತ್ತದೆ, ಚಪ್ಪಟೆ ಬಿಳಿ ಪಟ್ಟಿಗಿಂತ ನೋಡಲು ಹಿತ. ಚೌಕ ಬಾಟಲಿಯಾದರೆ ಮುಂದಿನ ಮೈ ಕ್ಯಾಮೆರಾವನ್ನೇ ತೋರಿಸುತ್ತದೆ, ಐದರಿಂದ ಹತ್ತು ಡಿಗ್ರಿ ತಿರುಗಿಸಿ. ಬಿಳಿ ಅಂಗಿ ಹಾಕಿಕೊಂಡು ಕ್ಯಾಮೆರಾದ ಹಿಂದೆ ನಿಲ್ಲಬೇಡಿ.

"ಪೋಲರೈಸರ್ ಹಾಕಿದ್ರೆ ಹೊಳಪು ಹೋಗೂದಿಲ್ವಾ" ಎಂದು ಕೇಳುವವರೂ ಇದ್ದಾರೆ. ಅದು ಪ್ರತಿಫಲನ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಫಿಲ್ಟರು. ಗಾಜಿನ ಹೊಳಪು ಅದಕ್ಕೆ ಪೂರ್ತಿ ಬಗ್ಗುವುದು ಸುಮಾರು 56 ಡಿಗ್ರಿ ಕೋನದಲ್ಲಿ. ದುಂಡು ಬಾಟಲಿಯ ಮೇಲೆ ಕೋನ ಇಂಚಿಂಚಿಗೂ ಬದಲಾಗುವುದರಿಂದ ಒಂದು ಕಡೆ ಹೋಗಿ ಇನ್ನೊಂದು ಕಡೆ ಉಳಿಯುತ್ತದೆ. ದುಡ್ಡು ಹಾಕಬೇಡಿ, ಹೊಳೆಯುವ ವಸ್ತುವನ್ನೇ ಸರಿಸಿ ಅಥವಾ ಮುಚ್ಚಿ.

ಲೇಬಲ್ಲೂ ಕಾಣಬೇಕು, ಜೇನೂ ಒಳಗಿನಿಂದ ಹೊಳೆಯಬೇಕು ಅನ್ನುವವರಿಗೆ ಒಂದು ಹಳೆಯ ಉಪಾಯವಿದೆ, ಇದಕ್ಕೂ ಇನ್ನೊಂದು ಲೈಟ್ ಬೇಡ. ರಟ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಬಾಟಲಿಯ ಆಕಾರಕ್ಕೆ, ಆದರೆ ಅದಕ್ಕಿಂತ ಕಿರಿದಾಗಿ ಕತ್ತರಿಸಿ. ಬಾಟಲಿಯ 2–3 ಸೆಂ.ಮೀ. ಹಿಂದೆ ನಿಲ್ಲಿಸಿ ಬದಿಯ ಪರದೆಯ ಕಡೆಗೆ ಓರೆ ಮಾಡಿ. ಜೇನು ತುಂಬಿದ ದುಂಡು ಬಾಟಲಿ ಹಿಂದಿನದನ್ನು ಅಡ್ಡಕ್ಕೆ ಹಿಗ್ಗಿಸಿ ತೋರಿಸುವುದರಿಂದ ಬಾಟಲಿಯ ಮುಕ್ಕಾಲು ಅಗಲದ ರಟ್ಟೇ ಸಾಕಾಗುತ್ತದೆ, ಕ್ಯಾಮೆರಾಕ್ಕೆ ಅದರ ಅಂಚು ಕಾಣುವುದೂ ಇಲ್ಲ. ಫಾಯಿಲ್ಲಿನ ಹೊಳೆಯುವ ಮೈ ತೀರ ಚುಕ್ಕೆ ಚುಕ್ಕೆಯಾಗಿ ಕಂಡರೆ ಅದರ ಮಾಸಲು ಮೈಯನ್ನು ಹೊರಗೆ ಮಾಡಿ, ಅಥವಾ ಬಿಳಿ ಕಾಗದ ಬಳಸಿ. ತುಡುವೆ ಜೇನನ್ನು ಹಿಂದಿನ ರಾತ್ರಿಯೇ ತುಂಬಿಟ್ಟರೆ ಗುಳ್ಳೆ ಮೇಲೆ ಬಂದಿರುತ್ತದೆ.

ಮುರುಗಲು ಸಿರಪ್ಪಿಗೂ ಜೋನಿಬೆಲ್ಲಕ್ಕೂ ಈ ರಟ್ಟು ಸಾಲದು. ಏಳೆಂಟು ಸೆಂ.ಮೀ. ದಪ್ಪದಲ್ಲಿ ಎರಡೂ ಕಪ್ಪೇ. ಸಿರಪ್ಪಿಗೆ ನೀರು ಹಾಕಿ ಅದೇ ಬಾಟಲಿಯಲ್ಲಿ ಕೆಂಪಾಗಿ ತೋರಿಸುವವರಿದ್ದಾರೆ. ಕೊಂಡವರ ಮನೆಗೆ ಹೋಗುವುದು ಆ ಬಣ್ಣದ್ದಲ್ಲವಲ್ಲ, ಅದು ಮೋಸ. ಬಾಟಲಿ ಇದ್ದಂತೆ ಕಪ್ಪಾಗಿಯೇ ಇರಲಿ, ಬದಿಯ ಬೆಳಕಿನಲ್ಲಿ ಅಂಚಿನ ಹೊಳಪು ಸಾಕು. ಪಕ್ಕದಲ್ಲಿ ಒಂದು ಲೋಟ ತೆಳು ಪಾನಕ ಇಟ್ಟು ಅದರ ಹಿಂದೆ ಬಿಳಿ ರಟ್ಟು ಕೊಡಿ, ಬಣ್ಣ ಅಲ್ಲಿ ಕಾಣಲಿ. ಫೋಟೊಕ್ಕಾಗಿಯೇ ಆದರೆ ಕುಡಿಯುವುದಕ್ಕಿಂತ ತುಸು ತೆಳುವಾಗಿರಲಿ. ಜೋನಿಬೆಲ್ಲವನ್ನು ಬಿಳಿ ಬಟ್ಟಲಿಗೆ ಚಮಚದಿಂದ ಇಳಿಬಿಟ್ಟು ಆ ತೆಳ್ಳಗಿನ ಎಳೆಯಲ್ಲಿ ಬಣ್ಣ ಹಿಡಿಯಬಹುದು, ಆದರೆ ಆಗ ಶಟರ್ 1/100 ಆದರೂ ಬೇಕು, ಐಎಸ್‌ಒ ಏರಿಸಿಕೊಳ್ಳಿ.

ಮಳೆಗಾಲದಲ್ಲಿ ಕರೆಂಟು ಹೋದಾಗ ಬ್ಯಾಟರಿ ಬಲ್ಬಿನಲ್ಲೇ ಮುಂದುವರಿಸುವವರು ಒಂದು ಗಮನಿಸಿ. ಬ್ಯಾಟರಿಗೆ ಬಿದ್ದೊಡನೆ ಇಂಥ ಹೆಚ್ಚಿನ ಬಲ್ಬುಗಳ ಬೆಳಕು ಇಳಿಯುತ್ತದೆ. ಹತ್ತು ಬಾಟಲಿಯ ಒಂದೇ ಸಾಲಿನ ಫೋಟೊ ತೆಗೆಯುತ್ತಿದ್ದರೆ ಐದು ಬೆಳ್ಳಗೆ ಐದು ಬೂದಿಯಾಗಿ ಬರುತ್ತವೆ, ಕರೆಂಟು ಬರುವ ತನಕ ಕಾಯುವುದೇ ಒಳ್ಳೆಯದು. ಕೆಲಸ ಮುಗಿದ ಮೇಲೆ ಪಂಚೆಯನ್ನು ಚೌಕಟ್ಟಿನಿಂದ ಬಿಚ್ಚಿ ಒಣಗಿಸಿಡಿ, ಹಾಗೇ ಗೋಡೆಗೆ ಒರಗಿಸಿಟ್ಟರೆ ಬೂಸಲು ಹಿಡಿದು ಮುಂದಿನ ಸಲ ಆ ಕಲೆಗಳೇ ಬಾಟಲಿಯೊಳಗೆ ಕಾಣುತ್ತವೆ. ಲೆನ್ಸನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿಕೊಳ್ಳಿ.